ಪುಟ್ಟಮ್ಮನ ನಲವತ್ತೊಂದು ಕಿಲೋಬೈಟು

೩ ಅಕ್ಟೋಬರ್ ೧೯೯೪, ಸೋಮವಾರ

ಬಸ್ ಮಾಲೀಕರ ಸಹಕಾರ ಸಂಘದ ಕಚೇರಿಗೆ ಇವತ್ತು ಕೆಲಸಕ್ಕೆ ಹೋದೆ. ನಾನು ಎನೆದಿನಾ ಸೆವಾಯೋಸ್, ಕಯಾಂಬೆಯ ಅರ್ಧ ಊರಿಗೆ ಟೈಪಿಂಗ್ ಕಲಿಸಿದವಳು. ಈಗ ಟೈಪಿಂಗ್ ಶಾಲೆಗೆ ಯಾರೂ ಬರುವುದಿಲ್ಲ, ಮುಂದಿನ ಕೋಣೆಯಲ್ಲಿ ಮೆಷಿನ್ನುಗಳು ಬೆಡ್‌ಶೀಟ್ ಹೊದ್ದು ಕೂತಿವೆ. ನನ್ನ ದಿನಚರಿಗೆ ನಾನೇ ಹೆಸರು ಹೇಳಿಕೊಳ್ಳಬೇಕಾಗಿರಲಿಲ್ಲ. ಆದರೆ ಹೊಸ ಪುಸ್ತಕ, ಹೊಸ ಕೆಲಸ, ಮೊದಲ ದಿನ ಪರಿಚಯ ಮಾಡಿಕೊಳ್ಳುವುದು ಮರ್ಯಾದೆ.

ಕೆಲಸ ಇಷ್ಟೇ: ರಾಜಧಾನಿ ಕ್ವಿಟೋಗೆ ಹೋಗುವ ಬಸ್ಸುಗಳಿಗೆ ಪಾಳಿ ಹಾಕುವುದು. ಇದುವರೆಗೆ ದೊನ್ ಲಿಸಾರ್ದೋ ಕರಿಹಲಗೆಯ ಮೇಲೆ ಬರೆದು, ಸೀಟಿ ಊದಿ ಪಾಳಿ ಕೂಗುತ್ತಿದ್ದರು. ಅವರಿಗೂ ಸ್ವಂತ ಬಸ್ಸಿದೆ, ಏಳನೇ ನಂಬರಿನದು. ಸಂತೆ ದಿನದ ತುಂಬಿದ ಪಾಳಿಗಳೆಲ್ಲ ಹೇಗೋ ಏಳನೇ ನಂಬರಿಗೇ ಬೀಳುತ್ತಿದ್ದವಂತೆ. ಜಗಳ ತಾಳಲಾರದೆ ಸಂಘದವರು ಒಂದು ಕಂಪ್ಯೂಟರ್ ತಂದು, ಕ್ವಿಟೋದ ಒಂದು ಕಂಪನಿಯಿಂದ ಪಾಳಿ ಹಾಕುವ ಪ್ರೋಗ್ರಾಮನ್ನೂ ಕೊಂಡಿದ್ದಾರೆ.

ನನ್ನದು ತಾತ್ಕಾಲಿಕ ನೇಮಕ. ನವೆಂಬರ್ ಮಧ್ಯದಲ್ಲಿ ಕಂಪನಿಯ ಇಂಜಿನಿಯರ್ ಬರುತ್ತಾರೆ. ಎಲ್ಲ ಸರಿಯಾಗಿ ನಡೆಯುತ್ತಿದೆ ಎಂದು ಅವರು ವರದಿ ಬರೆದರೆ ನನ್ನ ಕೆಲಸ ಖಾಯಂ. ಇಲ್ಲವಾದರೆ ಮತ್ತೆ ಹಲಗೆ, ಸೀಟಿ, ದೊನ್ ಲಿಸಾರ್ದೋ. ನಾನು ಮನೆ ಮಾರಿ ಗ್ವಾಯಾಕಿಲ್‌ನಲ್ಲಿರುವ ತಂಗಿಯ ಮನೆ ಸೇರಬೇಕು. ತಂಗಿ ಒಳ್ಳೆಯವಳೇ. “ಬಂದ್ಬಿಡೇ ಅಕ್ಕಾ, ಮಕ್ಳನ್ನ ನೋಡ್ಕೊಂಡು ಆರಾಮಾಗಿರು” ಎನ್ನುತ್ತಾಳೆ. ಆ ಸೆಖೆಯಲ್ಲಿ, ಇನ್ನೊಬ್ಬರ ಅಡುಗೆಮನೆಯಲ್ಲಿ ಮುದುಕಿಯಾಗುವುದನ್ನು ನೆನೆದರೆ ನನಗೆ ಅಳುವೇ ಬರುತ್ತದೆ.

೪ ಅಕ್ಟೋಬರ್, ಮಂಗಳವಾರ

ಪ್ರೋಗ್ರಾಮ್ ತೆರೆಯುವುದೇ ಇಲ್ಲ. ಹೆಸರು ಟೈಪ್ ಮಾಡಿ ಗುಂಡಿ ಒತ್ತಿದರೆ, ನೆನಪು ಸಾಲದು ಎಂದು ಒಂದು ಸಾಲು ಬರೆದು ಸುಮ್ಮನಾಗುತ್ತದೆ.

ಕಾರಣ ಏನೆಂದು ನನಗೆ ಮೊದಲ ನೋಟಕ್ಕೇ ತಿಳಿಯಿತು. ಯಂತ್ರ ಎದ್ದ ಕೂಡಲೇ ಪರದೆಯ ಬಲಮೂಲೆಯಲ್ಲಿ ಒಂದು ಬೊಂಬೆ ಮೂಡುತ್ತದೆ. ಚುಕ್ಕಿ, ಗೆರೆ, ಬಾಣದ ಗುರುತುಗಳನ್ನು ಪೇರಿಸಿ ಮಾಡಿದ ಎಲ್ ಕಿಂಚೆ ಊರಿನ ಮೇರಿಮಾತೆ, ಡ್ರೈವರುಗಳ ಬಾಯಲ್ಲಿ ಪುಟ್ಟಮ್ಮ. ಮೊದಲು ಕಿರೀಟ, ಆಮೇಲೆ ಮುಖ, ಆಮೇಲೆ ಬೆಟ್ಟದಂಥ ನಿಲುವಂಗಿ. ಅಲ್ಲಿಂದ ಕದಲುವುದಿಲ್ಲ. ಗಂಟೆಗೊಮ್ಮೆ ಕೀರಲು ದನಿಯಲ್ಲಿ ಭಜನೆಯ ಒಂದು ಸಾಲು ಹಾಡುತ್ತದೆ. ಎಲ್ ಕಿಂಚೆ ಚರ್ಚಿನ ಬಾಗಿಲಲ್ಲಿ ಮೇಣದಬತ್ತಿ ಮಾರುವವನ ಹತ್ತಿರ ಫ್ಲಾಪಿಯಲ್ಲಿ ಸಿಗುತ್ತದಂತೆ. ಸಂಘದವರು ಯಂತ್ರ ಬಂದ ವಾರವೇ ಪಾದ್ರಿಗಳನ್ನು ಕರೆಸಿ, ಹೊಸ ಬಸ್ಸಿಗೆ ಮಾಡಿಸುವ ಹಾಗೆ ಇದಕ್ಕೂ ಆಶೀರ್ವಾದ ಮಾಡಿಸಿದ್ದಾರೆ. ತೀರ್ಥ ಕೀಬೋರ್ಡಿನ ಒಳಗೆ ಹೋಗಿ, ಒಂದು ಗುಂಡಿ ಇವತ್ತಿಗೂ ಅಂಟುತ್ತದೆ.

ಬೊಂಬೆ ತಿನ್ನುವ ಜಾಗ ನಲವತ್ತೊಂದು ಕಿಲೋಬೈಟು. ನಾಳೆ ಅಧ್ಯಕ್ಷರಿಗೆ ಹೇಳಿ ತೆಗೆಸಿದರಾಯಿತು. ಅಪ್ಪ ಇದ್ದಿದ್ದರೆ ನಗುತ್ತಿದ್ದರು. ಸಾಯುವ ಹೊತ್ತಿಗೂ ಪಾದ್ರಿಗಳನ್ನು ಬಾಗಿಲಲ್ಲೇ ನಿಲ್ಲಿಸಿದ ಮನುಷ್ಯ ಅವರು.

೫ ಅಕ್ಟೋಬರ್, ಬುಧವಾರ

ಅಧ್ಯಕ್ಷರು ದೊನ್ ವಿಲ್ಫ್ರಿದೋ ಸಭ್ಯರು. ಕುರ್ಚಿ ಎಳೆದು ಕೊಟ್ಟು, ಕಾಫಿ ತರಿಸಿ, ನಾನು ಹೇಳಿದ್ದನ್ನೆಲ್ಲ ಕೇಳಿ, ಆಮೇಲೆ ಆಗುವುದಿಲ್ಲ ಎಂದರು.

“ಪುಟ್ಟಮ್ಮನ್ನ ತೆಗೀಬೇಕಾ? ಟೀಚರಮ್ಮ, ಮುಂದ್ಗಡೆ ಪುಟ್ಟಮ್ಮ ಇಲ್ದೆ ಯಾವ ಡ್ರೈವರ್ ಬಸ್ ಎತ್ತಾನೆ ಹೇಳಿ?”

“ಇದು ಬಸ್ಸಲ್ಲ ದೊನ್ ವಿಲ್ಫ್ರಿದೋ. ಇದು ರಸ್ತೆಗೆ ಇಳಿಯಲ್ಲ, ಹಳ್ಳಕ್ಕೂ ಬೀಳಲ್ಲ.”

“ಬೀಳೋದು ನಾವಲ್ವಾ? ಅದು ಹಾಕೋ ಪಾಳಿ ನಂಬ್ಕೊಂಡು ಹೋಗೋರು ನಾವು.”

ಖಜಾಂಚಿ ಸೊಯ್ಲಾ ಪಕ್ಕದ ಮೇಜಿನಿಂದಲೇ ಶಿಲುಬೆಯ ಗುರುತು ಹಾಕಿಕೊಂಡಳು. ಅವಳು ನನ್ನ ಹಳೆಯ ವಿದ್ಯಾರ್ಥಿನಿ, ಎರಡು ಬಸ್ಸಿನ ಒಡತಿ, ಇವತ್ತಿಗೂ ಎರಡೇ ಬೆರಳಲ್ಲಿ ಟೈಪ್ ಮಾಡುತ್ತಾಳೆ. ಬಾಗಿಲಲ್ಲಿ ಒರಗಿ ನಿಂತಿದ್ದ ದೊನ್ ಲಿಸಾರ್ದೋ ನಕ್ಕರು. “ನನ್ ಹಲ್ಗೆಗೆ ನೆನಪು ಸಾಲ್ದು ಅಂತ ಯಾವತ್ತೂ ಆಗಿರ್ಲಿಲ್ಲಪ್ಪ” ಎಂದರು, ಯಾರಿಗೂ ಅಲ್ಲದ ಹಾಗೆ.

ಬೊಂಬೆಯನ್ನು ತೆಗೆಯುವ ಹಾಗಿಲ್ಲ, ಪ್ರೋಗ್ರಾಮ್ ನಡೆಯಲೇಬೇಕು. ನವೆಂಬರ್ ಎರಡಕ್ಕೆ ಸತ್ತವರ ಹಬ್ಬ, ಇಡೀ ನಾಡೇ ಬಸ್ ಹತ್ತಿ ಊರಿನ ಸಮಾಧಿಗಳಿಗೆ ಹೋಗುವ ದಿನ. ಅಷ್ಟರೊಳಗೆ ಪಾಳಿ ಹೊರಬರದಿದ್ದರೆ ಇಂಜಿನಿಯರ್ ಬರುವವರೆಗೂ ಯಾರೂ ನನ್ನನ್ನು ಇಟ್ಟುಕೊಳ್ಳುವುದಿಲ್ಲ.

೮ ಅಕ್ಟೋಬರ್, ಶನಿವಾರ

ಮೂರು ದಿನ ಕೈಪಿಡಿ ಓದಿದೆ. ಯಂತ್ರ ಎದ್ದೇಳುವಾಗ ಎರಡು ಚಿಕ್ಕ ಫೈಲುಗಳನ್ನು ಓದಿಕೊಳ್ಳುತ್ತದೆ. ಒಂದು ಕಾನ್ಫಿಗ್, ಇನ್ನೊಂದು ಆಟೋಎಕ್ಸೆಕ್. ಯಾರು ಯಾರು ಒಳಗೆ ಬಂದು ಕೂರಬೇಕು ಎಂದು ಅವುಗಳಲ್ಲಿ ಸಾಲಾಗಿ ಬರೆದಿರುತ್ತದೆ. ನಮ್ಮ ಯಂತ್ರದಲ್ಲಿ ಹೀಗೆ ಬಂದು ಕೂತವರು ಒಬ್ಬಿಬ್ಬರಲ್ಲ. ಅಧ್ಯಕ್ಷರು ದುಬಾರಿ ಕೊಟ್ಟು ತಂದ ಮೌಸ್. ಸೊಯ್ಲಾಗೆ ಅವಳ ಅಳಿಯ ಹಾಕಿಕೊಟ್ಟ ಲೆಕ್ಕದ ಯಂತ್ರ, ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಪರದೆಯ ಮೇಲೆ ಎದ್ದು ಬರುತ್ತದೆ. ಸ್ಪ್ಯಾನಿಷ್ ಕೀಬೋರ್ಡು. ಡಿಸ್ಕಿನ ಓದನ್ನು ಚುರುಕು ಮಾಡುವ ಒಂದು. ಪ್ರಿಂಟರಿಗೆ ಒಂದು. ಮತ್ತೆ ಆ ಬೊಂಬೆ.

ಇನ್ನೂ ಒಂದಿದೆ, ಅದು ನನ್ನದು. ಮೊದಲ ದಿನವೇ ನಾನೇ ಹಾಕಿದೆ. ಗುಂಡಿ ಒತ್ತಿದಾಗಲೆಲ್ಲ ಟೈಪ್‌ರೈಟರಿನ ಹಾಗೆ ಟಕ್ ಎನ್ನುವ ಪುಟ್ಟ ಪ್ರೋಗ್ರಾಮ್. ಸದ್ದಿಲ್ಲದ ಕೀಬೋರ್ಡಿನಲ್ಲಿ ಬೆರಳಿಟ್ಟರೆ ಹತ್ತಿಯ ಮೇಲೆ ನಡೆದ ಹಾಗಾಗುತ್ತದೆ. ಅದಿಲ್ಲದೆ ನನಗೆ ಕೆಲಸ ಸಾಗದು, ಆದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

೧೦ ಅಕ್ಟೋಬರ್, ಸೋಮವಾರ

ಉಪಾಯ ಸಿಕ್ಕಿತು. ಪ್ರೋಗ್ರಾಮಿಗೆ ಬೇಕಾದದ್ದು ಕೆಳಗಿನ ಜಾಗ. ಅದರ ಮೇಲೆ ಸ್ವಲ್ಪ ಮೇಲಂತಸ್ತಿನ ಜಾಗವೂ ಇದೆ, ಯಾರೂ ಬಳಸಿಲ್ಲ. ಕಾನ್ಫಿಗ್ ಫೈಲಿನಲ್ಲಿ ಒಂದೆರಡು ಸಾಲು ಸೇರಿಸಿದರೆ ಚಿಕ್ಕಪುಟ್ಟವರನ್ನು ಮೇಲಕ್ಕೆ ಕಳಿಸಬಹುದು.

ಸದಸ್ಯರು ಕಾಫಿಗೆ ಸೇರಿದ್ದಾಗ ಅವರಿಗೆ ತಿಳಿಯುವ ಹಾಗೆ ವಿವರಿಸಿದೆ. “ಬಸ್ಸು ಅಂತ ತಿಳ್ಕೊಳ್ಳಿ. ಒಳಗೆ ಸೀಟು, ಮೇಲೆ ಟಾಪು. ಪಾಳಿ ಪ್ರೋಗ್ರಾಮು ದೊಡ್ಡ ಸಂಸಾರ, ಅದಕ್ಕೆ ಒಟ್ಟಿಗೆ ಇಷ್ಟು ಸೀಟು ಬೇಕೇ ಬೇಕು. ಈಗ ಸೀಟಲ್ಲಿ ಕೂತಿರೋರನ್ನ ಟಾಪ್ ಮೇಲೆ ಹತ್ತಿಸ್ತೀನಿ.” ಎಲ್ಲರೂ ತಲೆಯಾಡಿಸಿದರು. ನನ್ನ ವಿವರಣೆಯನ್ನು ನಾನೇ ಮೆಚ್ಚಿಕೊಂಡೆ. ಮಧ್ಯಾಹ್ನವೇ ಬೊಂಬೆಯನ್ನು ಮೇಲಕ್ಕೆ ಕಳಿಸಿದೆ. ಚೆನ್ನಾಗಿ ಹಿಡಿಯಿತು.

೧೧ ಅಕ್ಟೋಬರ್, ಮಂಗಳವಾರ

ಬೆಳಿಗ್ಗೆ ಕಚೇರಿಯ ಮುಂದೆ ಜನ. ಟೀಚರಮ್ಮ ಪುಟ್ಟಮ್ಮನನ್ನು ಟಾಪ್ ಮೇಲೆ, ಆಲೂಗೆಡ್ಡೆ ಮೂಟೆ, ಕೋಳಿ ಬುಟ್ಟಿಗಳ ಜೊತೆ ಕೂರಿಸಿದ್ದಾಳೆ ಎಂದು ನಿಲ್ದಾಣದ ತುಂಬ ಸುದ್ದಿ.

“ಅಲ್ಲಿ ಕೋಳಿ ಇಲ್ಲ, ಮೂಟೆ ಇಲ್ಲ” ಎಂದೆ. “ನಾನು ಹೋಲಿಸಿ ಹೇಳಿದ್ದು ಅಷ್ಟೇ.”

“ಟಾಪು ಅಂದ್ರೆ ಟಾಪೇ” ಎಂದರು ದೊನ್ ಲಿಸಾರ್ದೋ. “ಚಳಿ, ಗಾಳಿ, ಧೂಳು. ನಿಮ್ಮಮ್ಮನ್ನ ಹತ್ತಿಸ್ತಿದ್ರಾ ಟೀಚರಮ್ಮ?”

“ನಮ್ಮಮ್ಮ ನಲವತ್ತೊಂದು ಕಿಲೋಬೈಟ್ ಇರಲಿಲ್ಲ.”

ಯಾರೂ ನಗಲಿಲ್ಲ. ಸೊಯ್ಲಾ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದಳು. “ಟೀಚರಮ್ಮ, ನೀವು ಬುದ್ಧಿವಂತ್ರು, ನನಗ್ ಗೊತ್ತು. ಆದ್ರೂ ಅವಳಿಗೆ ಒಳಗಡೆ ಒಂದು ಸೀಟ್ ಕೊಟ್ಬಿಡಿ. ಕಿಟಕಿ ಪಕ್ಕನೇ ಆಗ್ಬೇಕು ಅಂತೇನಿಲ್ಲ.”

ಮತ್ತೆ ಕೆಳಗಿಳಿಸಿದೆ. ಎಂಥ ಜನ. ಇನ್ನು ಮುಂದೆ ಯಾರಿಗೂ ಏನನ್ನೂ ವಿವರಿಸುವುದಿಲ್ಲ.

೧೩ ಅಕ್ಟೋಬರ್, ಗುರುವಾರ

ಯಂತ್ರವನ್ನು ಕೊಂದೆ.

ಉಳಿದವರನ್ನು ಮೇಲಕ್ಕೆ ಹತ್ತಿಸುವ ಆತುರದಲ್ಲಿ ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ತಪ್ಪು ಬರೆದೆ. ಮತ್ತೆ ಆನ್ ಮಾಡಿದರೆ ಕಪ್ಪು ಪರದೆ, ಎಡಮೂಲೆಯಲ್ಲಿ ಮಿಟುಕುವ ಗೆರೆ, ಅಷ್ಟೇ. ಫೈಲು ತಿದ್ದಬೇಕಾದರೆ ಯಂತ್ರ ಏಳಬೇಕು, ಯಂತ್ರ ಏಳಬೇಕಾದರೆ ಫೈಲು ಸರಿಯಿರಬೇಕು. ಡ್ರೈವರುಗಳು ಬಂದು ಬಂದು ನೋಡಿ, “ಬ್ಯಾಟರಿ ಹೋಗಿರ್ಬೇಕು”, “ತಳ್ಳಿ ನೋಡೋಣ್ವಾ” ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ ಎಂದು ಕಾಣುತ್ತದೆ.

ಕೈಪಿಡಿಯ ಪ್ರಕಾರ ದಾರಿ ಒಂದೇ. ಯಂತ್ರದ ಜೊತೆ ಬಂದ ಎಬ್ಬಿಸುವ ಫ್ಲಾಪಿಯನ್ನು ಹಾಕಿ ಆನ್ ಮಾಡಬೇಕು. ಕಪಾಟೆಲ್ಲ ಹುಡುಕಿದೆ. ಫ್ಲಾಪಿ ಇಲ್ಲ. ಸೊಯ್ಲಾ ಕೊನೆಗೆ ಬಾಯಿಬಿಟ್ಟಳು. ಪಾದ್ರಿಗಳು ಆವತ್ತು ಯಂತ್ರದ ಜೊತೆ ಫ್ಲಾಪಿಗಳಿಗೂ ತೀರ್ಥ ಚಿಮುಕಿಸಿದ್ದರಂತೆ. ಆಶೀರ್ವಾದ ಆದ ವಸ್ತು ಪೆಟ್ಟಿಗೆಯಲ್ಲಿ ಕೊಳೆಯುವುದು ಯಾಕೆ ಎಂದು ಹಿರಿಯ ಸದಸ್ಯರು ಒಂದೊಂದು ತೆಗೆದುಕೊಂಡು ಹೋದರಂತೆ.

ಎಬ್ಬಿಸುವ ಫ್ಲಾಪಿ ಏಳನೇ ನಂಬರ್ ಬಸ್ಸಿನ ಕನ್ನಡಿಯಲ್ಲಿ ನೇತಾಡುತ್ತಿದೆ. ದೊನ್ ಲಿಸಾರ್ದೋ ಅವರ ಬಸ್ಸು. ಕ್ವಿಟೋಗೆ ಹೋಗಿದೆ.

ಹತ್ತು ಗಂಟೆ ಆದದ್ದೂ ತಿಳಿಯಲಿಲ್ಲ, ಹನ್ನೊಂದೂ ತಿಳಿಯಲಿಲ್ಲ. ಕಚೇರಿ ಬಿಕೋ ಎನ್ನುತ್ತಿತ್ತು. ಕಾಫಿ ಕುಡಿಯಲು ಏಳುವುದನ್ನೇ ಮರೆತೆ.

೧೪ ಅಕ್ಟೋಬರ್, ಶುಕ್ರವಾರ

ಬೆಳಗಿನ ಪಾಳಿಗೆ ಹೊರಡುವ ಮುಂಚೆ ಏಳನೇ ನಂಬರನ್ನು ಹಿಡಿದೆ. ಕನ್ನಡಿಯ ಸುತ್ತ ಜಪಮಾಲೆ, ಮಗುವಿನ ಬೂಟು, ಸೇಂಟ್ ಕ್ರಿಸ್ಟೋಫರ್, ನಡುವೆ ದಾರ ಪೋಣಿಸಿದ ಕಪ್ಪು ಫ್ಲಾಪಿ. ಈ ಬೆಟ್ಟದ ಬಿಸಿಲು ಬಟ್ಟೆಯ ಬಣ್ಣವನ್ನೇ ಹೀರಿಬಿಡುತ್ತದೆ. ಈ ಫ್ಲಾಪಿ ಎರಡು ತಿಂಗಳು ಆ ಬಿಸಿಲಿನಲ್ಲಿ ತೂಗಿದೆ.

ನಾನು ಕೇಳಿಕೊಂಡೆ. ಅವರು ಸ್ಟೀರಿಂಗ್ ಮೇಲೆ ಕೈಯಿಟ್ಟು ಫ್ಲಾಪಿಯನ್ನೇ ನೋಡಿದರು. ಕೊಡದಿದ್ದರೆ ಹಲಗೆ ಮತ್ತೆ ಅವರದೇ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

“ಇದನ್ನ ಕಟ್ಟಿದ್ಮೇಲೆ ಒಂದು ಟೈರೂ ಪಂಚರ್ ಆಗಿಲ್ಲ” ಎಂದರು.

“ಬದಲಿಗೆ ಏನಾದ್ರೂ ಕೊಡ್ತೀನಿ.”

“ಆಶೀರ್ವಾದ ಆಗಿರೋದು ಇದ್ಯಾ ನಿಮ್ಮತ್ರ?”

ನನ್ನ ಹತ್ತಿರ ಎಲ್ಲಿಂದ ಬರಬೇಕು. ಮನೆಗೆ ಓಡಿ, ಒಂದು ಹಳೆಯ ಟೈಪ್‌ರೈಟರಿನ ಗಂಟೆ ಬಿಚ್ಚಿ ತಂದೆ; ಸಾಲು ಮುಗಿಯುವಾಗ ಟಿಣ್ ಎನ್ನುವ ಗಂಟೆ. ಅವರು ಅದನ್ನು ಕನ್ನಡಿಗೆ ಕಟ್ಟಿ, ಬೆರಳಿಂದ ಹೊಡೆದು ನೋಡಿ, ಫ್ಲಾಪಿ ಬಿಚ್ಚಿ ನನ್ನ ಕೈಗೆ ಹಾಕಿದರು. “ತಗೊಳ್ಳಿ. ಯಂತ್ರ ಸಾಯ್ಬಾರ್ದು. ಪುಟ್ಟಮ್ಮ ಒಳಗೇ ಸಿಕ್ಕಾಕೊಂಡಿದಾಳೆ” ಎಂದರು, ಗಂಭೀರವಾಗಿ.

ಫ್ಲಾಪಿ ಓದಿಕೊಂಡಿತು. ಯಂತ್ರ ಎದ್ದಿತು, ಸಾಲು ತಿದ್ದಿದೆ. ಎರಡು ತಿಂಗಳ ಬಿಸಿಲು ಕಂಡ ಫ್ಲಾಪಿಯನ್ನು ಹೇಗೆ ಓದಿಕೊಂಡಿತೋ. ಜಪಮಾಲೆಯ ನೆರಳು ಬಿದ್ದಿರಬೇಕು.

೧೮ ಅಕ್ಟೋಬರ್, ಮಂಗಳವಾರ

ಮೇಲಂತಸ್ತಿನಲ್ಲಿ ಜಾಗ ಇದ್ದರೂ ಡಿಸ್ಕಿನ ಓದನ್ನು ಚುರುಕು ಮಾಡುವವನು ಅಲ್ಲಿ ಹಿಡಿಯುತ್ತಿರಲಿಲ್ಲ. ಇವತ್ತು ಕಿಟಕಿಯಿಂದ ನೋಡುತ್ತ ಕೂತಿದ್ದಾಗ ಕಂಡಕ್ಟರು ಬಸ್ಸಿನ ಟಾಪ್ ಮೇಲೆ ಬುಟ್ಟಿಗಳನ್ನೆಲ್ಲ ಹರಡಿಟ್ಟು, ದೊಡ್ಡ ಮೂಟೆಗೆ ಜಾಗವಿಲ್ಲದೆ ಬೈಸಿಕೊಳ್ಳುತ್ತಿದ್ದ. ನಾನೂ ಅದನ್ನೇ ಮಾಡಿದ್ದೆ. ಫೈಲಿನಲ್ಲಿ ಸಾಲುಗಳ ಕ್ರಮ ಬದಲಿಸಿ ದೊಡ್ಡವನನ್ನು ಮೊದಲು ಹತ್ತಿಸಿದೆ, ಸಣ್ಣವರು ಸಂದಿಗಳಲ್ಲಿ ತೂರಿಕೊಂಡರು. ಕೆಳಗೆ ದೊಡ್ಡ ಜಾಗ ಬಿಟ್ಟಿತು. ಕುರ್ಚಿಯಲ್ಲಿ ಕೂತೇ ಕುಣಿದೆ. ಮಾತೆಯ ಭಜನೆಯೂ ಅದೇ ಹೊತ್ತಿಗೆ ಶುರುವಾಯಿತು, ಸೊಯ್ಲಾ ಚಪ್ಪಾಳೆ ತಟ್ಟಿದಳು.

ಇನ್ನೂ ಸಾಲದು.

೨೧ ಅಕ್ಟೋಬರ್, ಶುಕ್ರವಾರ

ಒಬ್ಬೊಬ್ಬರನ್ನೇ ಎಬ್ಬಿಸುವ ವಾರ ಇದು.

ಸೊಯ್ಲಾಳ ಲೆಕ್ಕದ ಯಂತ್ರ: “ಇದನ್ನ ನೀನು ಯಾವತ್ತು ಬಳಸಿದೀಯ?” ಎಂದು ಕೇಳಿದೆ. “ಬಳ್ಸಿಲ್ಲ. ಅಳಿಯ ಬೇಜಾರ್ ಮಾಡ್ಕೋತಾನೆ” ಎಂದಳು. ಅಳಿಯ ಬರುವ ಭಾನುವಾರಗಳಲ್ಲಿ ಮಾತ್ರ ಹಾಕುವುದೆಂದು ಒಪ್ಪಂದವಾಯಿತು. ಭಾನುವಾರ ಕಚೇರಿ ಇರುವುದೇ ಇಲ್ಲ.

ಅಧ್ಯಕ್ಷರ ಮೌಸ್: ಪಾಳಿ ಪ್ರೋಗ್ರಾಮ್ ಅದನ್ನು ಕೇಳುವುದೂ ಇಲ್ಲ. ಆದರೆ ತೆಗೆಯುತ್ತೇನೆ ಎಂದರೆ ಅವರು ನೊಂದುಕೊಳ್ಳುತ್ತಾರೆ. ಫೈಲಿನಿಂದ ಅದರ ಸಾಲು ತೆಗೆದು ಮೌಸನ್ನು ಮೇಜಿನ ಮೇಲೇ ಬಿಟ್ಟೆ. ದಿನಕ್ಕೆರಡು ಸಲ ಬಂದು ಆ ಕಡೆ ಈ ಕಡೆ ಉಜ್ಜಿ, “ಸಲೀಸಾಗಿದೆ” ಎಂದು ಹೋಗುತ್ತಾರೆ.

ಪ್ರೋಗ್ರಾಮ್ ಈಗಲೂ ತೆರೆಯುತ್ತಿಲ್ಲ. ಸ್ವಲ್ಪವೇ ಸ್ವಲ್ಪ ಕಡಿಮೆ, ಆರು ಕಿಲೋಬೈಟು. ಕೈಪಿಡಿ ಹೇಳಿದ್ದನ್ನೆಲ್ಲ ಮಾಡಿ ಆಯಿತು. ಬಫರುಗಳನ್ನು ಇಳಿಸಿದೆ, ಒಟ್ಟಿಗೆ ತೆರೆಯುವ ಫೈಲುಗಳ ಮಿತಿಯನ್ನು ಇಳಿಸಿದೆ. ಇನ್ನೂ ಇಳಿಸಿದರೆ ಪ್ರಿಂಟರ್ ಮುನಿಸಿಕೊಳ್ಳುತ್ತದೆ. ದೊನ್ ಲಿಸಾರ್ದೋ ಸಂಜೆ ಎಲೆಯಲ್ಲಿ ಸುತ್ತಿದ ಚೀಸು ತಂದು ಮೇಜಿನ ಮೇಲಿಟ್ಟು ಹೋದರು. ನಾನು ಊರು ಬಿಡುವುದು ಖಚಿತ ಎಂದುಕೊಂಡು ಬೀಳ್ಕೊಡುಗೆ ಕೊಟ್ಟರೋ ಏನೋ. ಚೀಸು ಚೆನ್ನಾಗಿತ್ತು.

೨೪ ಅಕ್ಟೋಬರ್, ಸೋಮವಾರ

ಆರು ಕಿಲೋಬೈಟು. ತಂಗಿಯ ಕಾಗದ ಬಂದಿದೆ, ಕೋಣೆಗೆ ಸುಣ್ಣ ಬಳಿಸಿದ್ದಾಳಂತೆ.

೨೫ ಅಕ್ಟೋಬರ್, ಮಂಗಳವಾರ

ಊಟದ ಹೊತ್ತು, ಕಚೇರಿಯಲ್ಲಿ ಯಾರೂ ಇಲ್ಲ. ಪುಟ್ಟಮ್ಮನ ಸಾಲಿನ ಮೇಲೆ ಬೆರಳಿಟ್ಟೆ. ತೆಗೆದರೆ ಯಾರಿಗೆ ಗೊತ್ತಾಗುತ್ತದೆ? ಕೆಟ್ಟುಹೋಯಿತು ಎನ್ನಬಹುದು, ಇಂಜಿನಿಯರ್ ಬಂದಾಗ ಹಾಕಿಸೋಣ ಎನ್ನಬಹುದು. ಹಾಗೇ ತುಂಬ ಹೊತ್ತು ಕೂತಿದ್ದೆ. ಪರದೆಯಲ್ಲಿ ಅವಳ ಮುಖ ಅಂದರೆ ಎರಡು ಚುಕ್ಕಿ, ಒಂದು ಗೆರೆ. ಮೊದಲ ದಿನ ಅದು ಮುಖದ ಹಾಗೇ ಕಂಡಿರಲಿಲ್ಲ.

ಏನೂ ಮಾಡಲಿಲ್ಲ. ಗರಿಗರಿ ಬಿಸ್ಕೊಚೋ ತಿಂದು ಕಾಫಿ ಕುಡಿದೆ.

೨೭ ಅಕ್ಟೋಬರ್, ಗುರುವಾರ

ಪ್ರೋಗ್ರಾಮ್ ತೆರೆಯಿತು. ಟಕ್ ಟಕ್ ಅನ್ನುವ ನನ್ನದನ್ನು ತೆಗೆದೆ, ಅದು ಏಳು ಕಿಲೋಬೈಟು ಇತ್ತು. ಪಾಳಿ ಪಟ್ಟಿ ಅಚ್ಚಾಗಿ ಬಂದಾಗ ಸೊಯ್ಲಾ ನನ್ನನ್ನು ಅಪ್ಪಿಕೊಂಡು ಅತ್ತಳು, ಅಧ್ಯಕ್ಷರು ಮೌಸನ್ನು ತಟ್ಟಿದರು.

೩ ನವೆಂಬರ್, ಗುರುವಾರ

ನಿನ್ನೆ ಬರೆಯಲಾಗಲಿಲ್ಲ, ಕಾಲು ಊದಿತ್ತು. ಸತ್ತವರ ಹಬ್ಬದ ದಿನ ಕಯಾಂಬೆಯ ನಿಲ್ದಾಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೂವಿನ ಮಾಲೆ, ಬೊಂಬೆ ಆಕಾರದ ಬ್ರೆಡ್ಡು, ನೇರಳೆ ಗಂಜಿಯ ಪಾತ್ರೆ ಹೊತ್ತ ಸಂಸಾರಗಳು. ಪ್ರತಿ ವರ್ಷ ಈ ದಿನ ಮಾಲೀಕರಲ್ಲಿ ಒಂದಾದರೂ ಹೊಡೆದಾಟ ಆಗಲೇಬೇಕು, ಒಂದು ವರ್ಷ ಒಬ್ಬರ ಹಲ್ಲೇ ಹೋಗಿತ್ತು.

ಈ ಸಲ ಆಗಲಿಲ್ಲ. ಪಟ್ಟಿ ಗೋಡೆಗೆ ಅಂಟಿಸಿದೆ. ಬಂದರು, ಓದಿದರು, ಹೋದರು. ಏಳನೇ ನಂಬರಿಗೆ ಮಧ್ಯಾಹ್ನದ ಖಾಲಿ ಪಾಳಿ ಬಿದ್ದಿತ್ತು, ಜನ ಎಲ್ಲ ಸಮಾಧಿಯ ಹತ್ತಿರ ಕೂತು ಉಣ್ಣುವ ಹೊತ್ತು. ನಾನು ಬೈಗುಳಕ್ಕೆ ಸಿದ್ಧವಾಗಿ ನಿಂತಿದ್ದೆ. ದೊನ್ ಲಿಸಾರ್ದೋ ಪಟ್ಟಿಯನ್ನು ಬೆರಳಿಟ್ಟು ಓದಿ, ಟೋಪಿ ಸರಿಮಾಡಿಕೊಂಡು, “ಸರಿ ಬಿಡಿ” ಎಂದರು.

“ಬೇಜಾರಿಲ್ವಾ?” ಎಂದೆ.

“ಮನುಷ್ಯ ಹಾಕಿದ್ರೆ ಜಗಳ ಆಡ್ತಿದ್ದೆ. ಪುಟ್ಟಮ್ಮನ ಎದುರಿಗೆ ಹಾಕಿರೋ ಪಾಳಿ, ಯಾರ್ ಹತ್ರ ಜಗಳ ಆಡ್ಲಿ?”

ಪ್ರೋಗ್ರಾಮು ಪಕ್ಷಪಾತ ಮಾಡುವುದಿಲ್ಲ, ಲೆಕ್ಕ ಸರಿಯಾಗಿ ಹಾಕುತ್ತದೆ, ಅದಕ್ಕೇ ಶಾಂತಿ ಎಂದು ಹೇಳಹೊರಟೆ. ಅಷ್ಟರಲ್ಲಿ ಬಸ್ಸು ಬಂತು. ಸಂಜೆ ನಾನೂ ಅಪ್ಪನ ಸಮಾಧಿಗೆ ಹೋಗಿ ಬಂದೆ. ಅವರಿಗೆ ಕೆಲಸದ ವಿಷಯ ಎಲ್ಲ ಹೇಳಿದೆ, ಪುಟ್ಟಮ್ಮನ ವಿಷಯ ಹೇಳಲಿಲ್ಲ.

೯ ನವೆಂಬರ್, ಬುಧವಾರ

ವಿಶೇಷವಿಲ್ಲ. ಅಂಟುವ ಗುಂಡಿಯನ್ನು ಬಿಚ್ಚಿ ಒರೆಸಿದೆ. ಪರದೆಯನ್ನೂ ಒರೆಸಿದೆ, ಬಲಮೂಲೆಯಲ್ಲಿ ಧೂಳು ಜಾಸ್ತಿ ಕೂರುತ್ತದೆ. ಇಂಜಿನಿಯರ್ ಸೋಮವಾರ ಬರುತ್ತಾರಂತೆ.

೧೪ ನವೆಂಬರ್, ಸೋಮವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಇಂಜಿನಿಯರ್ ಗ್ರಿಹಾಲ್ವಾ ಬೆಳಗಿನ ಬಸ್ಸಿಗೆ ಬಂದರು. ಸಣ್ಣ ವಯಸ್ಸು, ಒಳ್ಳೆಯ ನಡತೆ, ಬೆನ್ನು ನೆಟ್ಟಗಿಟ್ಟು ಹತ್ತೂ ಬೆರಳಲ್ಲಿ ಟೈಪ್ ಮಾಡುತ್ತಾರೆ. ನೋಡಿದ ಕೂಡಲೇ ಇಷ್ಟವಾದರು. ಪಟ್ಟಿಗಳನ್ನು ಪರಿಶೀಲಿಸಿದರು, ಕಾನ್ಫಿಗ್ ಫೈಲು ತೆರೆದು, “ಇದನ್ನ ಇಷ್ಟು ಅಚ್ಚುಕಟ್ಟಾಗಿ ಯಾರು ಜೋಡಿಸಿದ್ದು?” ಎಂದರು. “ನಾನು” ಎಂದೆ. ಹೊಗಳಿದರು. ಆಮೇಲೆ ಆಟೋಎಕ್ಸೆಕ್ ತೆರೆದರು.

“ಇದೇನು ಮೇಡಂ?”

“ಎಲ್ ಕಿಂಚೆ ಮಾತೆ.”

“ನಲವತ್ತೊಂದು ಕೆ?” ಅವರು ನಕ್ಕು, ಸಾಲು ಅಳಿಸಿ, ಯಂತ್ರವನ್ನು ಮತ್ತೆ ಎಬ್ಬಿಸಿದರು. ಬಲಮೂಲೆ ಖಾಲಿ. ಪ್ರೋಗ್ರಾಮ್ ರೆಪ್ಪೆ ಹೊಡೆಯುವಷ್ಟರಲ್ಲಿ ತೆರೆಯಿತು. “ನೋಡಿ, ಎಷ್ಟು ಜಾಗ. ನೀವು ಸುಮ್ನೆ ಒದ್ದಾಡಿದೀರ. ಇದು ನಮ್ಮ ಕಂಪನಿ ವಸ್ತು ಅಲ್ಲ, ಇದಿದ್ರೆ ನಾನು ವರದೀಲಿ ಸರಿಯಿದೆ ಅಂತ ಬರೆಯೋ ಹಾಗಿಲ್ಲ. ಈಗ ಬರೀತೀನಿ.” ಪೆನ್ನು ತೆಗೆದರು.

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಅಕ್ಟೋಬರಿನಲ್ಲಿ ಬಂದಿದ್ದರೆ ನಾನೇ ಅವರ ಕೈಕುಲುಕುತ್ತಿದ್ದೆ.

ಬಾಗಿಲಲ್ಲಿ ಎಲ್ಲರೂ ನಿಂತಿದ್ದರು. ದೊನ್ ಲಿಸಾರ್ದೋ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಯಾರಾದರೂ ಕೂಗಾಡುತ್ತಾರೆ ಎಂದು ಕಾದೆ. ಆದರೆ ಸೊಯ್ಲಾ ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ಇರ್ಲಿ ಬಿಡಿ ಟೀಚರಮ್ಮ. ನಿಮ್ ಕೆಲ್ಸ ಉಳೀಲಿ. ನಾವೆಲ್ಲ ಆಗ್ಲೇ ಮಾತಾಡ್ಕೊಂಡಿದೀವಿ. ಪುಟ್ಟಮ್ಮ ತಪ್ಪು ತಿಳ್ಕೊಳಲ್ಲ.”

“ಬಸ್ಸಲ್ಲಿ ಹೆಂಗೂ ಇದಾಳಲ್ಲ” ಎಂದರು ದೊನ್ ಲಿಸಾರ್ದೋ, ನೆಲ ನೋಡುತ್ತ.

ಟಾಪ್ ಮೇಲೆ ಹತ್ತಿಸಿದ್ದಕ್ಕೇ ನನ್ನನ್ನು ತಿಂದುಹಾಕಲು ಬಂದಿದ್ದ ಜನ ಇವರು.

“ಇಂಜಿನಿಯರೇ, ಸ್ವಲ್ಪ ಏಳಿ” ಎಂದೆ.

ಕುರ್ಚಿಯಲ್ಲಿ ಕೂತು ಆ ಸಾಲನ್ನು ಮತ್ತೆ ಟೈಪ್ ಮಾಡಿದೆ. ಅವರು ಗಾಬರಿಯಾದರು. “ಮೇಡಂ, ನಾನು ಬರೆಯೋಕಾಗಲ್ಲ ಅಂದ್ನಲ್ಲ. ಇದರಿಂದ ಪಾಳಿಗೆ ಏನು ಉಪಯೋಗ?”

“ನಿಮ್ಮ ಪ್ರೋಗ್ರಾಮು ಪಾಳಿ ಹಾಕುತ್ತೆ. ಒಪ್ಪಿಸೋದು ಅವಳು. ಸತ್ತವರ ಹಬ್ಬದ ದಿನ ಇಲ್ಲಿ ಒಂದೂ ಹೊಡೆದಾಟ ಆಗಲಿಲ್ಲ. ನಿಮ್ಮ ಕಂಪನಿ ಹೆಸರು ನೋಡಿ ಸುಮ್ಮನಿದ್ರು ಅಂದ್ಕೊಂಡ್ರಾ? ಅವಳನ್ನ ತೆಗೆದ್ರೆ ಬರೋ ಸಂತೆಗೆ ಈ ಪಟ್ಟಿ ಹರಿದು ಬಿಸಾಕ್ತಾರೆ. ನೀವು ಏನು ಬೇಕಾದ್ರೂ ಬರೀರಿ. ಅವಳು ಇಲ್ಲೇ ಇರ್ತಾಳೆ.”

ಹೇಳಿ ಮುಗಿಸುವ ಹೊತ್ತಿಗೆ ತಂಗಿ ಸುಣ್ಣ ಬಳಿಸಿದ ಕೋಣೆ ಕಣ್ಣಮುಂದೆ ಬಂದಿತ್ತು. ಯಂತ್ರವನ್ನು ಮತ್ತೆ ಎಬ್ಬಿಸಿದೆ. ಕಿರೀಟ, ಮುಖ, ನಿಲುವಂಗಿ. ಪ್ರೋಗ್ರಾಮೂ ತೆರೆಯಿತು.

ಇಂಜಿನಿಯರ್ ಒಮ್ಮೆ ಪರದೆ ನೋಡಿದರು, ಒಮ್ಮೆ ಬಾಗಿಲ ತುಂಬ ನಿಂತ ಡ್ರೈವರುಗಳನ್ನು ನೋಡಿದರು. ಪೆನ್ನಿನ ತುದಿ ಕಚ್ಚುತ್ತ, “ಹೊಡೆದಾಟ ನಿಜವಾಗ್ಲೂ ಆಗ್ತಿತ್ತಾ?” ಎಂದು ಕೇಳಿದರು. ದೊನ್ ಲಿಸಾರ್ದೋ ಬಾಯಿ ತೆರೆದು ಹಲ್ಲಿಲ್ಲದ ಜಾಗ ತೋರಿಸಿದರು. ಆ ಹಲ್ಲು ಯಾರದ್ದು ಎಂದು ನನಗೂ ಇವತ್ತೇ ಗೊತ್ತಾದದ್ದು.

ವರದಿಯಲ್ಲಿ ಕೊನೆಗೆ ಹೀಗೆ ಬರೆದರು: ಯಂತ್ರ ಮತ್ತು ಪ್ರೋಗ್ರಾಮ್ ಸರಿಯಾಗಿ ನಡೆಯುತ್ತಿವೆ. ಕಂಪನಿಯದಲ್ಲದ ಒಂದು ವಸ್ತು ಯಂತ್ರದಲ್ಲಿದೆ, ಅದರ ಸಂಪೂರ್ಣ ಜವಾಬ್ದಾರಿ ಎನೆದಿನಾ ಸೆವಾಯೋಸ್ ಅವರದು. ನಾನು ಸಹಿ ಹಾಕಿದೆ. ಅಧ್ಯಕ್ಷರು ಅಲ್ಲೇ ಸಭೆ ಕರೆದು, ಖಾಯಂ ಮಾಡುವುದಕ್ಕೆ ಕೈ ಎತ್ತಿ ಎಂದರು. ದೊನ್ ಲಿಸಾರ್ದೋ ಎರಡೂ ಕೈ ಎತ್ತಿದರು, ಒಂದು ಸಾಕು ಎಂದು ಇಳಿಸಬೇಕಾಯಿತು.

೧೫ ನವೆಂಬರ್, ಮಂಗಳವಾರ

ತಂಗಿಗೆ ಕಾಗದ ಹಾಕಿದೆ: ಬರುವುದಿಲ್ಲ, ಕೋಣೆಯನ್ನು ಮಕ್ಕಳಿಗೆ ಕೊಡು.

ಬೆಳಿಗ್ಗೆ ಕಚೇರಿಯಲ್ಲಿ ಸೊಯ್ಲಾ ಕಾಫಿ ತಂದುಕೊಟ್ಟು ಪಕ್ಕದಲ್ಲೇ ಕೂತಳು. “ಒಂದ್ ಮಾತು ಕೇಳ್ಲಾ ಟೀಚರಮ್ಮ? ನಿಮಗೂ ಈಗ ದೇವ್ರಲ್ಲಿ ನಂಬಿಕೆ ಬಂದಿದ್ಯಾ?”

“ಅಂಥದ್ದೇನೂ ಇಲ್ಲ” ಎಂದೆ. “ನಾನು ನಂಬೋ ಪೈಕಿ ಅಲ್ಲ. ಯಾವತ್ತೂ ಅಲ್ಲ.”

ಅವಳು ನಕ್ಕು ಎದ್ದುಹೋದಳು. ಹೇಳಿದ ಮೇಲೆ ನನಗೇ ಒಂಥರಾ ಆಯಿತು, ಪುಟ್ಟಮ್ಮ ಅಲ್ಲೇ ಇರುವಾಗ, ಮುಖದ ಮುಂದೆಯೇ ಹಾಗೆ ಅನ್ನಬಾರದಿತ್ತು. ಸೊಯ್ಲಾ ಬಾಗಿಲು ದಾಟುವವರೆಗೆ ಕಾದು, ಪರದೆಯ ಬಲಮೂಲೆಗೆ ತಿರುಗಿ, ತಪ್ಪು ತಿಳಿಯಬೇಡ ತಾಯಿ ಎಂದೆ. ಆಮೇಲೆ ಸಂತೆಯ ಪಾಳಿ ಹಾಕಲು ಶುರು ಮಾಡಿದೆವು.